ನಾಣ್ಯಕ್ಕೆ ತಾಮ್ರದ ಲೇಪನ: ಮೈಲುತುತ್ತದಿಂದ ಮೈಕ್ರಾನ್ ಲೆಕ್ಕದವರೆಗೆ

ದ್ರಾವಣದಲ್ಲಿ ಅದ್ದಿ, ಕರೆಂಟ್ ಹರಿಸಿ ನಾಣ್ಯದ ಮೇಲೆ ಕೂರಿಸಿದ ತಾಮ್ರ ಸುಲಿದು ಬಂತೆಂದರೆ ಎಲ್ಲರೂ ಮೊದಲು ಬೈಯುವುದು ದ್ರಾವಣವನ್ನು. ಮೈಲುತುತ್ತ (ಕಾಪರ್ ಸಲ್ಫೇಟ್), ಆ್ಯಸಿಡ್, ನೀರು ಇಷ್ಟೇ ಇರುವ ದ್ರಾವಣ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಯಾವ ಲೋಹದ ನಾಣ್ಯ ಎಂದು ನೋಡದೆ ಅದ್ದಿರುತ್ತಾರೆ, ಇಲ್ಲವೇ ಬೆರಳಿನ ಜಿಡ್ಡು ಉಳಿದಿರುತ್ತದೆ, ಇಲ್ಲವೇ ಕರೆಂಟನ್ನು ಲೆಕ್ಕ ಹಾಕದೆ ಕೊಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಸ್ವಿಚ್ ಹಾಕುವ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಚಲಾವಣೆಯಲ್ಲಿರುವ ನಾಣ್ಯದ ರೂಪ ಬದಲಿಸುವ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ. ಅದನ್ನು ತಿಳಿದುಕೊಳ್ಳುವವರೆಗೆ ಟೋಕನ್ ಅಥವಾ ಖಾಲಿ ಲೋಹದ ಬಿಲ್ಲೆಗಳ ಮೇಲೆ ಕೈ ಪಳಗಿಸಿಕೊಳ್ಳಿ. ಲೇಪನ ಮಾಡಿದ ನಾಣ್ಯವನ್ನು ಬೇರೆ ನಾಣ್ಯವೆಂದು ಯಾರಿಗೂ ದಾಟಿಸಬೇಡಿ. ಸಂಗ್ರಹಕ್ಕೆ ಯೋಗ್ಯವಾದ ಹಳೆಯ ನಾಣ್ಯವನ್ನಂತೂ ಮುಟ್ಟಲೇಬಾರದು. ಲೇಪನವನ್ನು ಆಮೇಲೆ ತೆಗೆಯಬಹುದು, ಆದರೆ ಹಳೆಯ ಮೈಬಣ್ಣ ಮರಳಿ ಬರುವುದಿಲ್ಲ.

ಯಾವ ಲೋಹ ಒಗ್ಗುತ್ತದೆ

ಹೊಳೆಯುವ ಕಬ್ಬಿಣದ ಮೊಳೆಯೊಂದನ್ನು ಯಾವ ತಂತಿಯೂ ಜೋಡಿಸದೆ ಮೈಲುತುತ್ತದ ದ್ರಾವಣದಲ್ಲಿ ಹತ್ತು ಸೆಕೆಂಡು ಅದ್ದಿ ತೆಗೆಯಿರಿ. ಮುಳುಗಿದಷ್ಟೂ ಭಾಗ ಕೆಂಪಾಗಿ ಬರುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿದರೆ ಆ ಕೆಂಪು ಬಟ್ಟೆಗೆ ಅಂಟಿಕೊಂಡು ಮೊಳೆ ಮತ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ತಾನು ಕರಗುತ್ತಾ ದ್ರಾವಣದಲ್ಲಿದ್ದ ತಾಮ್ರವನ್ನು ಪುಡಿಯ ರೂಪದಲ್ಲಿ ಹೊರಗೆ ಹಾಕುವುದರಿಂದ ಹೀಗಾಗುತ್ತದೆ. ಉಕ್ಕಿನ ಅಥವಾ ಸತುವಿನ ನಾಣ್ಯವನ್ನು ನೇರವಾಗಿ ಅದ್ದಿದರೂ ಇದೇ ಕಥೆ. ಮೊದಲು ಈ ಸಡಿಲ ಪುಡಿ ಕೂರುತ್ತದೆ, ಒಳ್ಳೆಯ ಲೇಪನ ಅದರ ಮೇಲೆ ಕೂರುತ್ತದೆ, ಕೊನೆಗೆ ಎರಡೂ ಸೇರಿ ಕಳಚಿಕೊಳ್ಳುತ್ತವೆ.

ಸ್ಟೇನ್‌ಲೆಸ್ ಸ್ಟೀಲ್ ಮತ್ತು ಶುದ್ಧ ನಿಕಲ್ ಮೋಸ ಮಾಡುವುದು ಬೇರೆ ರೀತಿಯಲ್ಲಿ. ಅವುಗಳ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇರುತ್ತದೆ. ತಾಮ್ರ ಚೆನ್ನಾಗಿಯೇ ಕೂತಂತೆ ಕಾಣುತ್ತದೆ, ಉಗುರು ಹಾಕಿದರೆ ಹಾಳೆಯಾಗಿ ಎದ್ದು ಬರುತ್ತದೆ. ತಾಮ್ರ ಶುದ್ಧೀಕರಿಸುವ ಕಾರ್ಖಾನೆಗಳು ಇದೇ ಗುಣವನ್ನು ಬಳಸಿಕೊಳ್ಳುತ್ತವೆ: ಸ್ಟೇನ್‌ಲೆಸ್ ತಗಡಿನ ಮೇಲೆ ತಾಮ್ರ ಕೂರಿಸಿ, ಆಮೇಲೆ ಅದನ್ನು ಸುಲಿದು ತೆಗೆಯುತ್ತವೆ. ಅಲ್ಯೂಮಿನಿಯಂಗೂ ಆಕ್ಸೈಡಿನ ಕಾಟವೇ.

ಮನೆಯಲ್ಲಿ ಮಾಡಲು ಸರಿಯಾದವು ಹಿತ್ತಾಳೆ, ಕಂಚು ಮತ್ತು ತಾಮ್ರ-ನಿಕಲ್ ಮಿಶ್ರಲೋಹದ ನಾಣ್ಯಗಳು. ಬೆಳ್ಳಿಯಂತೆ ಕಾಣುವ ಅನೇಕ ನಾಣ್ಯಗಳಲ್ಲಿ ಶೇ 75 ತಾಮ್ರ, ಶೇ 25 ನಿಕಲ್ ಇರುತ್ತದೆ. ಬಣ್ಣದ ಬದಲಾವಣೆ ಎದ್ದು ಕಾಣಬೇಕೆಂದರೆ ಇವೇ ಉತ್ತಮ. ಗುರುತಿಸಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಸ್ಟೇನ್‌ಲೆಸ್ ಅಥವಾ ನಿಕಲ್, ಅಂದರೆ ಬದಿಗಿಡಿ. ಅಂಟದಿದ್ದರೆ ಕೈಯಲ್ಲಿ ತೂಗಿ ನೋಡಿ. ತೀರಾ ಹಗುರವಾಗಿದ್ದರೆ ಅಲ್ಯೂಮಿನಿಯಂ. ಸತು ಅಯಸ್ಕಾಂತಕ್ಕೂ ಅಂಟುವುದಿಲ್ಲ, ಅಷ್ಟು ಹಗುರವೂ ಅಲ್ಲ. ಹಾಗಾಗಿ ಅನುಮಾನವಿದ್ದರೆ ಆ ನಾಣ್ಯ ಯಾವ ಲೋಹದ್ದೆಂದು ಟಂಕಸಾಲೆಯ ವಿವರದಲ್ಲಿ ನೋಡಿಕೊಳ್ಳಿ.

ಹಾಗಾದರೆ ಟಂಕಸಾಲೆಗಳು ಉಕ್ಕು, ಸತುವಿನ ಮೇಲೆ ತಾಮ್ರ ಕೂರಿಸುವುದು ಹೇಗೆ? ಅಮೆರಿಕದ ಒಂದು ಸೆಂಟ್ 1982ರಿಂದ ತಾಮ್ರ ಲೇಪಿಸಿದ ಸತು. ಇಡೀ ನಾಣ್ಯದಲ್ಲಿ ಶೇ 97.5 ಸತುವೇ. ಬ್ರಿಟನ್ನಿನ 1 ಮತ್ತು 2 ಪೆನ್ನಿ 1992ರಿಂದ ತಾಮ್ರ ಲೇಪಿಸಿದ ಉಕ್ಕು. ಯೂರೋದ 1, 2, 5 ಸೆಂಟುಗಳೂ ಹಾಗೆಯೇ. ಇಂಥ ಲೋಹಗಳ ಮೇಲೆ ಆ್ಯಸಿಡ್ ದ್ರಾವಣಕ್ಕೂ ಮುಂಚೆ ತೆಳುವಾದ ಒಂದು ಬುನಾದಿ ಪದರ ಬೇಕು. ಅದನ್ನು ಕ್ಷಾರೀಯ ತಾಮ್ರದ ದ್ರಾವಣದಲ್ಲೋ ನಿಕಲ್ ದ್ರಾವಣದಲ್ಲೋ ಕೂರಿಸುತ್ತಾರೆ. ಕೈಗಾರಿಕೆಯಲ್ಲಿ ಬಹುಕಾಲದಿಂದ ಬಳಸಿದ್ದು ಸಯನೈಡ್ ದ್ರಾವಣ. ಅದಕ್ಕೆ ಆ್ಯಸಿಡ್ ತಗುಲಿದರೆ ಕೊಲ್ಲುವ ಅನಿಲ ಏಳುತ್ತದೆ. ನಿಕಲ್ ಲವಣಗಳು ಚರ್ಮದ ಅಲರ್ಜಿಗೂ ಕ್ಯಾನ್ಸರಿಗೂ ಕಾರಣವಾಗುವಂಥವು. ಉಕ್ಕಿನ ನಾಣ್ಯಕ್ಕೇ ಲೇಪನ ಬೇಕೆಂಬ ಹಟವಿದ್ದರೆ ಬುನಾದಿ ಪದರವನ್ನು ಪ್ಲೇಟಿಂಗ್ ಮಾಡುವವರ ಹತ್ತಿರ ಹಾಕಿಸಿಕೊಂಡು ಬನ್ನಿ. ಉಳಿದ ತಾಮ್ರವನ್ನು ನೀವೇ ಕೂರಿಸಬಹುದು.

ಇನ್ನೊಂದು ವ್ಯತ್ಯಾಸವೂ ಇದೆ. ಟಂಕಸಾಲೆಯಲ್ಲಿ ಲೇಪನ ಆಗುವುದು ಖಾಲಿ ಬಿಲ್ಲೆಗೆ. ಅಚ್ಚು ಒತ್ತುವುದು ಆಮೇಲೆ. ನೀವು ಮಾಡುವುದು ಅಚ್ಚು ಬಿದ್ದ ನಾಣ್ಯಕ್ಕೆ. ದಪ್ಪವಾಗಿ ಕೂರಿಸಿದಷ್ಟೂ ಅಕ್ಷರ, ಗೆರೆಗಳ ಚೂಪು ಮಾಸುತ್ತದೆ. ನೋಟಕ್ಕಾಗಿ ಮಾಡುವುದಾದರೆ 10ರಿಂದ 15 ಮೈಕ್ರಾನ್ ಧಾರಾಳವಾಯಿತು (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್).

ಸಾಮಾನು ಮತ್ತು ದ್ರಾವಣ

ಅಡುಗೆಮನೆಯ ವಿನೆಗರ್, ಉಪ್ಪು, 9 ವೋಲ್ಟ್ ಬ್ಯಾಟರಿ ಸೇರಿಸುವ ವಿಧಾನ ಎಲ್ಲ ಕಡೆ ಓಡಾಡುತ್ತಿದೆ. ಶಾಲೆಯ ಪ್ರಯೋಗಕ್ಕೆ ಅದು ಸಾಕು, ನಾಣ್ಯಕ್ಕೆ ಸಾಲದು. ಅದರಲ್ಲಿ ತಾಮ್ರದ ಅಂಶ ತೀರಾ ಕಡಿಮೆ, ವೋಲ್ಟೇಜ್ ತೀರಾ ಹೆಚ್ಚು. ಕೂರುವುದು ಕಂದು ಬಣ್ಣದ ಸ್ಪಂಜಿನಂಥ ಪುಡಿ.

ಅರ್ಧ ಲೀಟರ್ ದ್ರಾವಣಕ್ಕೆ ಬೇಕಾದದ್ದು ಇಷ್ಟು: ನೀಲಿ ಹರಳಿನ ಮೈಲುತುತ್ತ 100 ಗ್ರಾಂ, 1.28 ಸಾಂದ್ರತೆಯ ಬ್ಯಾಟರಿ ಆ್ಯಸಿಡ್ 60 ಮಿ.ಲೀ., ಉಳಿದದ್ದು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಆ್ಯಸಿಡ್ ಎಂದರೆ ಸುಮಾರು ಶೇ 37ರ ಗಂಧಕಾಮ್ಲ. ಹೊಸದನ್ನೇ ತನ್ನಿ, ಹಳೆಯ ಬ್ಯಾಟರಿಯಿಂದ ಸುರಿದುಕೊಂಡದ್ದರಲ್ಲಿ ಸೀಸ ಇರುತ್ತದೆ. ಗಿಡಗಳಿಗೆ ಸಿಂಪಡಿಸಲು ಮಾರುವ ಮೈಲುತುತ್ತದಲ್ಲಿ ಕಬ್ಬಿಣ, ಮಣ್ಣು ಸೇರಿರುವುದುಂಟು. ಪ್ರಯೋಗಾಲಯದ ದರ್ಜೆಯದು ಸಿಕ್ಕರೆ ತಲೆನೋವು ಕಡಿಮೆ.

350 ಮಿ.ಲೀ. ಡಿಸ್ಟಿಲ್ಡ್ ವಾಟರನ್ನು ಉಗುರುಬೆಚ್ಚಗೆ ಮಾಡಿ ಮೈಲುತುತ್ತ ಹಾಕಿ ಕದಡಿ. ಪೂರ್ತಿ ಕರಗಿದ ಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ, ತಣಿಯಲು ಬಿಡಿ. ಆಮೇಲೆ ಆ್ಯಸಿಡನ್ನು ತೆಳುಧಾರೆಯಾಗಿ ಕದಡುತ್ತಾ ಸೇರಿಸಿ. ಆ್ಯಸಿಡ್ ನೀರಿಗೆ ಹೋಗಬೇಕು, ನೀರು ಆ್ಯಸಿಡಿಗೆ ಹೋಗಬಾರದು. ಕೊನೆಗೆ ನೀರು ಸೇರಿಸಿ ಒಟ್ಟು 500 ಮಿ.ಲೀ. ಮಾಡಿ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್ ಇರಲೇಬೇಕು. ಮೈಲುತುತ್ತವೇ ಕಣ್ಣಿಗೆ ಕೆಟ್ಟ ಹಾನಿ ಮಾಡುವ ವಸ್ತು, ಆ್ಯಸಿಡಿನ ಮಾತು ಹೇಳಬೇಕಿಲ್ಲ. ಈ ಪಾತ್ರೆಗಳು ಅಡುಗೆಮನೆಗೆ ಮತ್ತೆ ಹೋಗಬಾರದು.

ನಲ್ಲಿ ನೀರು ಬೇಡ ಎನ್ನುವುದಕ್ಕೆ ಕಾರಣ ಕ್ಲೋರೈಡ್. ಲೀಟರಿಗೆ 60 ಮಿ.ಗ್ರಾಂ ಆಸುಪಾಸು ಕ್ಲೋರೈಡ್ ಇದ್ದರೆ ಲೇಪನಕ್ಕೆ ಒಳ್ಳೆಯದೇ. ಅದರ ಎರಡು ಮೂರು ಪಟ್ಟಾದರೆ ಲೇಪನ ಮಂಕಾಗುತ್ತದೆ, ಆನೋಡಿನ, ಅಂದರೆ ಧನ ತುದಿಗೆ ಜೋಡಿಸುವ ತಾಮ್ರದ ತುಂಡಿನ ಮೇಲೆ ಪೊರೆ ಕಟ್ಟುತ್ತದೆ. ನಲ್ಲಿ ನೀರಿನಲ್ಲಿ ಎಷ್ಟಿದೆಯೋ ಹೇಳಲಾಗದು. ಅಳೆದೇ ಹಾಕುವುದಾದರೆ 1 ಗ್ರಾಂ ಅಯೋಡಿನ್ ಇಲ್ಲದ ಉಪ್ಪನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಕೊಂಡು, ಅದರಲ್ಲಿ 5 ಮಿ.ಲೀ. ಮಾತ್ರ ಈ ಅರ್ಧ ಲೀಟರಿಗೆ ಸೇರಿಸಿ.

ಉಬ್ಬುಚಿತ್ರ ಆಳವಾಗಿರುವ ನಾಣ್ಯಕ್ಕೆ ಇನ್ನೊಂದು ಅಳತೆ ಚೆನ್ನಾಗಿ ಹೊಂದುತ್ತದೆ: ಅರ್ಧ ಲೀಟರಿಗೆ ಮೈಲುತುತ್ತ 40 ಗ್ರಾಂ, ಬ್ಯಾಟರಿ ಆ್ಯಸಿಡ್ 200 ಮಿ.ಲೀ. ತಾಮ್ರ ಕಡಿಮೆ, ಆ್ಯಸಿಡ್ ಹೆಚ್ಚು ಇರುವ ಇಂಥ ದ್ರಾವಣದಲ್ಲಿ ತಗ್ಗುಗಳಿಗೂ ತಾಮ್ರ ಚೆನ್ನಾಗಿ ತಲುಪುತ್ತದೆ. ಸರ್ಕ್ಯೂಟ್ ಬೋರ್ಡುಗಳ ರಂಧ್ರದೊಳಗೆ ತಾಮ್ರ ಕೂರಿಸುವವರು ಬಳಸುವುದು ಈ ಬಗೆಯದನ್ನೇ. ಆದರೆ ಕರೆಂಟನ್ನು ಸುಮಾರು ಅರ್ಧಕ್ಕೆ ಇಳಿಸಬೇಕು, ಆ್ಯಸಿಡಿನ ಅಪಾಯವೂ ಹೆಚ್ಚು. ಮೊದಲ ಸಲಕ್ಕೆ ಬೇಡ.

ಆನೋಡಿಗೆ ತಾಮ್ರದ ತಗಡು ಅಥವಾ ನೀರಿನ ಕೊಳವೆಯ ತಾಮ್ರ. ಕೊಳವೆಯ ತಾಮ್ರದಲ್ಲಿ ಅತ್ಯಲ್ಪ ರಂಜಕ ಇರುವುದರಿಂದ ಅದು ಹೆಚ್ಚು ಪುಡಿ ಉದುರಿಸದೆ ಸಮನಾಗಿ ಕರಗುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿ ತಟ್ಟಿ ಚಪ್ಪಟೆ ಮಾಡಿಕೊಳ್ಳಿ. ನಾಣ್ಯದ ಎರಡೂ ಮುಖಕ್ಕೆ ಸಮನಾಗಿ ಬೇಕಾದ್ದರಿಂದ ಆನೋಡೂ ಎರಡು, ನಾಣ್ಯದ ಆಚೆಗೊಂದು ಈಚೆಗೊಂದು, 6ರಿಂದ 8 ಸೆಂ.ಮೀ. ದೂರದಲ್ಲಿ. ಪ್ರತಿ ಆನೋಡಿಗೂ ಪಾಲಿಪ್ರೊಪಿಲೀನ್ ಬಟ್ಟೆಯ ಚೀಲ ಹೊಲಿದು ಹಾಕಿದರೆ ಉದುರುವ ಕಪ್ಪು ಪುಡಿ ನಾಣ್ಯದ ಮೇಲೆ ಕೂರುವುದಿಲ್ಲ.

ಕರೆಂಟಿನ ಲೆಕ್ಕ

ಇಲ್ಲಿ ನೋಡಬೇಕಾದದ್ದು ವೋಲ್ಟೇಜನ್ನಲ್ಲ, ಆ್ಯಂಪಿಯರನ್ನು. ಹೊಳಪು ಕೊಡುವ ರಾಸಾಯನಿಕ ಸೇರಿಸದ ಈ ದ್ರಾವಣದಲ್ಲಿ ಪ್ರತಿ ಚದರ ಸೆಂ.ಮೀ.ಗೆ 10ರಿಂದ 20 ಮಿಲಿಆ್ಯಂಪಿಯರ್ ಸರಿ.

25 ಮಿ.ಮೀ. ವ್ಯಾಸ, 1.8 ಮಿ.ಮೀ. ದಪ್ಪದ ನಾಣ್ಯ ತೆಗೆದುಕೊಳ್ಳಿ. ಎರಡು ಮುಖ ಸೇರಿ 9.8 ಚದರ ಸೆಂ.ಮೀ., ಅಂಚಿನದು 1.4. ಉಬ್ಬುತಗ್ಗುಗಳಿಗೆ ಸ್ವಲ್ಪ ಸೇರಿಸಿ 12 ಎಂದಿಟ್ಟುಕೊಳ್ಳಿ. 20 ಮಿಲಿಆ್ಯಂಪಿಯರ್‌ನಂತೆ 0.24 ಆ್ಯಂಪಿಯರ್ ಆಯಿತು. ಈ ಪ್ರಮಾಣದ ಕರೆಂಟಿನಲ್ಲಿ ನಿಮಿಷಕ್ಕೆ 0.44 ಮೈಕ್ರಾನ್ ತಾಮ್ರ ಕೂರುತ್ತದೆ, ಅರ್ಧ ಗಂಟೆಗೆ 13 ಮೈಕ್ರಾನ್. ತೂಕದ ಲೆಕ್ಕ ಇನ್ನೂ ನೇರ: ಒಂದು ಆ್ಯಂಪಿಯರ್ ಒಂದು ಗಂಟೆ ಹರಿದರೆ 1.186 ಗ್ರಾಂ ತಾಮ್ರ. ನಮ್ಮ ನಾಣ್ಯ ಅರ್ಧ ಗಂಟೆಯಲ್ಲಿ 0.14 ಗ್ರಾಂ ತೂಕ ಏರಿಸಿಕೊಳ್ಳಬೇಕು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಹಾಕುವ ಮುಂಚೆ, ತೆಗೆದ ಮೇಲೆ ಎರಡೂ ತೂಕ ಬರೆದಿಡಿ. ತೂಕ ಇದಕ್ಕಿಂತ ಬಹಳ ಕಡಿಮೆ ಏರಿದ್ದರೆ ತಾಮ್ರ ನಾಣ್ಯ ಹಿಡಿದ ತಂತಿಯ ಮೇಲೆ ಕೂತಿರಬಹುದು.

ಕರೆಂಟನ್ನು ಸ್ಥಿರವಾಗಿ ಹಿಡಿದಿಡುವ ಡಿ.ಸಿ. ಪವರ್ ಸಪ್ಲೈ ಇದ್ದರೆ 0.24ಕ್ಕೆ ತಿರುಗಿಸಿ ಬಿಟ್ಟರಾಯಿತು. ವೋಲ್ಟೇಜ್ ತಾನಾಗಿಯೇ ಒಂದರ ಒಳಗೋ ಆಸುಪಾಸಿನಲ್ಲೋ ನಿಲ್ಲುತ್ತದೆ. ಅದು ಇಲ್ಲದಿದ್ದರೆ 5 ವೋಲ್ಟಿನ ಫೋನ್ ಚಾರ್ಜರ್ ಸಾಕು, ಆದರೆ ನೇರವಾಗಿ ಅಲ್ಲ. ಸಾಲಿನಲ್ಲಿ 18 ಓಮಿನ, 5 ವ್ಯಾಟ್ ತಾಳುವ ರೆಸಿಸ್ಟರ್ ಸೇರಿಸಿ, ಮಲ್ಟಿಮೀಟರನ್ನೂ ಸಾಲಿನಲ್ಲೇ ಇಟ್ಟು ಎಷ್ಟು ಹರಿಯುತ್ತಿದೆ ನೋಡಿಕೊಳ್ಳಿ.

ಮೈ ತೊಳೆಯುವುದು

ಇಲ್ಲಿಂದ ಮುಂದೆ ಬರಿಗೈ ನಾಣ್ಯಕ್ಕೆ ಸೋಕಬಾರದು.

1. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ, ನುಣ್ಣನೆ ಸೀಮೆಸುಣ್ಣದ ಪುಡಿ ಹಾಕಿ ಮೆದು ಬ್ರಷ್‌ನಿಂದ ಉಜ್ಜಿ. ಅಂಚಿನ ಗೀರುಗಳಲ್ಲಿ, ಅಕ್ಷರಗಳ ಬುಡದಲ್ಲಿ ಕೊಳೆ ಉಳಿಯುವುದು ಹೆಚ್ಚು. ಲೋಹ ಹೊಳಪಿಸುವ ಪಾಲಿಶ್ ಬಳಸಿದ್ದರೆ ಅದರ ಮೇಣವನ್ನು ಅಸಿಟೋನಿನಿಂದ ಮೊದಲು ತೆಗೆಯಿರಿ.

2. ಲೀಟರ್ ನೀರಿಗೆ 50 ಗ್ರಾಂ ಒಗೆಯುವ ಸೋಡಾ ಕರಗಿಸಿ 50–60 ಡಿಗ್ರಿಗೆ ಬಿಸಿ ಮಾಡಿ. ನಾಣ್ಯವನ್ನು ತಾಮ್ರದ ತಂತಿಯಿಂದ ಋಣ ತುದಿಗೆ ಜೋಡಿಸಿ, ಧನ ತುದಿಗೆ ಗ್ರ್ಯಾಫೈಟ್ ಕಡ್ಡಿ ಅಥವಾ ಸಾದಾ ಉಕ್ಕಿನ ತುಂಡು ಹಾಕಿ 4–6 ವೋಲ್ಟ್ ಅರ್ಧದಿಂದ ಒಂದು ನಿಮಿಷ ಕೊಡಿ. ನಾಣ್ಯದ ಮೇಲೆ ಏಳುವ ಹೈಡ್ರೋಜನ್ ಗುಳ್ಳೆಗಳು ಜಿಡ್ಡನ್ನು ಎತ್ತಿ ಒಯ್ಯುತ್ತವೆ. ಧನ ತುದಿಗೆ ಸ್ಟೇನ್‌ಲೆಸ್ ಚಮಚ ಹಾಕುವವರಿದ್ದಾರೆ. ಅದರಿಂದ ವಿಷಕಾರಿ ಕ್ರೋಮಿಯಂ ದ್ರಾವಣಕ್ಕೆ ಇಳಿಯುತ್ತದೆ, ಬೇಡ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

3. ಹರಿಯುವ ನೀರಿನಲ್ಲಿ ತೊಳೆದು ನಾಣ್ಯವನ್ನು ಓರೆಯಾಗಿ ಹಿಡಿಯಿರಿ. ನೀರು ಒಂದೇ ಹಾಳೆಯಂತೆ ಅರ್ಧ ನಿಮಿಷ ನಿಂತರೆ ಮೈ ಶುಚಿ. ಎಲ್ಲಾದರೂ ಹರಿದು ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ, ಮೊದಲಿನಿಂದ ಮಾಡಿ. ಈ ಪರೀಕ್ಷೆಗೆ ವಿನಾಯಿತಿ ಇಲ್ಲ.

4. 80 ಮಿ.ಲೀ. ನೀರಿಗೆ 20 ಮಿ.ಲೀ. ಬ್ಯಾಟರಿ ಆ್ಯಸಿಡ್ ಸೇರಿಸಿ ಅದರಲ್ಲಿ 30 ಸೆಕೆಂಡು ಅದ್ದಿ. ತೆಳು ಆಕ್ಸೈಡ್ ಹೋಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಒಣಗಲು ಬಿಡದೆ ನೇರ ಲೇಪನದ ಪಾತ್ರೆಗೆ ಒಯ್ಯಿರಿ.

ಲೇಪನ

ನಾಣ್ಯ ಹಿಡಿಯುವುದೇ ಒಂದು ಕಸುಬು. ತಂತಿ ಎಲ್ಲಿ ಒತ್ತುತ್ತದೋ ಅಲ್ಲಿ ತಾಮ್ರ ಕೂರುವುದಿಲ್ಲ, ಕಲೆ ಉಳಿಯುತ್ತದೆ. 0.8 ಮಿ.ಮೀ. ತಾಮ್ರದ ತಂತಿಯನ್ನು ಬಗ್ಗಿಸಿ ಮೂರು ಕಡೆ ಅಂಚನ್ನು ಮಾತ್ರ ಮುಟ್ಟುವ ತೊಟ್ಟಿಲು ಮಾಡಿ, ನಾಣ್ಯ ಅಲುಗದಂತೆ ಬಿಗಿಯಿರಲಿ. ಕ್ರೊಕೊಡೈಲ್ ಕ್ಲಿಪ್ ದ್ರಾವಣದೊಳಗೆ ಇಳಿಯಬಾರದು. ಅದು ಸಾಮಾನ್ಯವಾಗಿ ಉಕ್ಕಿನದು, ಕರಗಿ ದ್ರಾವಣ ಕೆಡಿಸುತ್ತದೆ.

ಚೂಪಾದ ಅಂಚು, ಉಬ್ಬಿದ ಅಕ್ಷರಗಳಿಗೆ ಕರೆಂಟು ನುಗ್ಗುವುದು ಹೆಚ್ಚು. ಅಲ್ಲಿ ಲೇಪನ ದಪ್ಪವಾಗುತ್ತದೆ, ತಗ್ಗಿನಲ್ಲಿ ತೆಳ್ಳಗೆ ಉಳಿಯುತ್ತದೆ. ಇದಕ್ಕೆ ಪ್ಲೇಟಿಂಗ್ ಕಸುಬಿನವರ ಉಪಾಯ ಕಳ್ಳ ತಂತಿ. ನಾಣ್ಯದ ಸುತ್ತ 6 ಮಿ.ಮೀ. ಬಿಟ್ಟು 1 ಮಿ.ಮೀ. ತಾಮ್ರದ ತಂತಿಯ ಬಳೆ ಮಾಡಿ ಅದನ್ನೂ ಋಣ ತುದಿಗೇ ಜೋಡಿಸಿ. ಅಂಚಿಗೆ ಹೋಗಬೇಕಿದ್ದ ಹೆಚ್ಚುವರಿ ತಾಮ್ರವನ್ನು ಬಳೆ ಕದಿಯುತ್ತದೆ. ಬಳೆಯ ಮೈ ಸುಮಾರು 4 ಚದರ ಸೆಂ.ಮೀ. ಇರುವುದರಿಂದ ಕರೆಂಟನ್ನು 0.32ಕ್ಕೆ ಏರಿಸಿ. ಚಾರ್ಜರ್ ಬಳಸುವವರು ರೆಸಿಸ್ಟರನ್ನು 13 ಓಮ್ ಆಸುಪಾಸಿಗೆ ಇಳಿಸಬೇಕು.

ದ್ರಾವಣ 20ರಿಂದ 28 ಡಿಗ್ರಿಯಲ್ಲಿರಲಿ. ನಾಣ್ಯ ನೆಟ್ಟಗೆ ತೂಗುತ್ತಿರಲಿ. ಮಲಗಿಸಿದರೆ ಮೇಲ್ಮುಖದ ಮೇಲೆ ಕಣಗಳು ಕೂರುತ್ತವೆ. ಆನೋಡುಗಳು ಧನಕ್ಕೆ, ನಾಣ್ಯ ಋಣಕ್ಕೆ. ಅದಲುಬದಲಾದರೆ ನಾಣ್ಯವೇ ಕರಗತೊಡಗುತ್ತದೆ, ಎರಡು ಸಲ ನೋಡಿ. ಸಪ್ಲೈ ಮೊದಲೇ ಆನ್ ಆಗಿರಲಿ, ಆಮೇಲೆ ನಾಣ್ಯ ಇಳಿಯಲಿ. ಮೊದಲ ಎರಡು ನಿಮಿಷ ಅರ್ಧ ಕರೆಂಟ್, ಆಮೇಲೆ ಪೂರ್ತಿ. ಮ್ಯಾಗ್ನೆಟಿಕ್ ಸ್ಟಿರರ್ ಇದ್ದರೆ ನಿಧಾನಕ್ಕೆ ತಿರುಗಿಸಿ. ಇಲ್ಲದಿದ್ದರೆ ಅರ್ಧ ನಿಮಿಷಕ್ಕೊಮ್ಮೆ ತಂತಿಯನ್ನು ಮೆಲ್ಲಗೆ ಆಚೀಚೆ ಆಡಿಸಿ.

ಅರ್ಧ ದಾರಿಯಲ್ಲಿ ತೆಗೆದು, ಜಾಲಿಸಿ, ನಾಣ್ಯವನ್ನು ತೊಟ್ಟಿಲಿನಲ್ಲಿ ಸ್ವಲ್ಪ ತಿರುಗಿಸಿ ಹಿಡಿತದ ಜಾಗ ಬದಲಿಸಿ. ಮತ್ತೆ ಆ್ಯಸಿಡಿನಲ್ಲಿ ಐದು ಸೆಕೆಂಡು ಅದ್ದಿ, ಜಾಲಿಸಿ, ದ್ರಾವಣಕ್ಕೆ ಇಳಿಸಿ. ಕೊನೆಗೆ ಸಿಗಬೇಕಾದ ಬಣ್ಣ ಹೊಳಪಿಲ್ಲದ ತಿಳಿಗುಲಾಬಿ. ಕನ್ನಡಿ ಹೊಳಪು ಬರಲಿಲ್ಲವೆಂದು ಗಾಬರಿ ಬೇಡ. ಅದಕ್ಕೆ ಬ್ರೈಟ್ನರ್, ಅಂದರೆ ಹೊಳಪು ಕೊಡುವ ರಾಸಾಯನಿಕ ಬೇಕು. ಬ್ರೈಟ್ನರ್ ಹಾಕುವುದಾದರೆ ತಯಾರಕರು ಹೇಳಿದ ಅಳತೆ ಮೀರಬೇಡಿ, ಹೆಚ್ಚಾದರೆ ತಾಮ್ರ ಪೆಡಸಾಗುತ್ತದೆ.

ಕೆಟ್ಟಾಗ ಏನು ನೋಡಬೇಕು

ಅಂಚಿನಲ್ಲಿ ಕಡು ಕಂದು ಪುಡಿ ಕಟ್ಟಿದರೆ ಕರೆಂಟ್ ಹೆಚ್ಚಾಗಿದೆ ಅಥವಾ ಕದಡುವುದು ಸಾಲದು. ಅಂಚು ಸುಟ್ಟಿತು ಎನ್ನುವುದು ಇದಕ್ಕೇ. ಕರೆಂಟನ್ನು ಮೂರನೇ ಒಂದು ಭಾಗ ಇಳಿಸಿ ನೋಡಿ.

ಮೈತುಂಬ ಮರಳಿನಂಥ ಗುಳ್ಳೆಗಳಿದ್ದರೆ ದ್ರಾವಣದಲ್ಲಿ ಕಣಗಳಿವೆ. ಸೋಸಿ, ಆನೋಡ್ ಚೀಲ ಹರಿದಿದೆಯೇ ನೋಡಿ. ಗುಂಡುಸೂಜಿ ಚುಚ್ಚಿದಂಥ ತಗ್ಗುಗಳಿದ್ದರೆ ಜಿಡ್ಡು ಅಥವಾ ಅಂಟಿದ ಗಾಳಿಗುಳ್ಳೆ.

ಲೇಪನ ಹಾಳೆಯಾಗಿ ಎದ್ದರೆ ಎದ್ದ ಹಾಳೆಯ ಒಳಮೈ ನೋಡಿ. ಒಳಮೈ ಹೊಳೆಯುತ್ತಿದ್ದು, ಕೆಳಗಿನ ಲೋಹವೂ ಹೊಳೆಯುತ್ತಿದ್ದರೆ ಆಕ್ಸೈಡ್ ಪೊರೆ ಅಥವಾ ಜಿಡ್ಡು. ಒಳಮೈಯಲ್ಲಿ ಕೆಂಪು ಪುಡಿ ಇದ್ದರೆ ಕೆಳಗಿರುವುದು ಉಕ್ಕು ಅಥವಾ ಸತು. ಮೊದಲೇ ತಾಮ್ರ ಲೇಪಿಸಿದ ಹಳೆಯ ನಾಣ್ಯಗಳಲ್ಲಿ ಇದು ಹೆಚ್ಚು: ಸವೆದ ಅಂಚಿನಲ್ಲಿ ಒಳಗಿನ ಉಕ್ಕು ಇಣುಕಿ, ಅಲ್ಲಿಂದಲೇ ಗುಳ್ಳೆ ಏಳುತ್ತದೆ.

ಕರೆಂಟ್ ತಾನಾಗಿ ಇಳಿಯುತ್ತಾ ಹೋದರೆ ಆನೋಡನ್ನು ಎತ್ತಿ ನೋಡಿ. ನೀಲಿ ಹರಳುಗಳು ಕೂತಿದ್ದರೆ ದ್ರಾವಣ ತಣ್ಣಗಿದೆ ಅಥವಾ ನೀರು ಆವಿಯಾಗಿ ಗಟ್ಟಿಯಾಗಿದೆ. ಡಿಸ್ಟಿಲ್ಡ್ ವಾಟರ್ ಸೇರಿಸಿ ಮೊದಲಿನ ಮಟ್ಟಕ್ಕೆ ತನ್ನಿ. ಆನೋಡಿನ ಮುಳುಗಿದ ಮೈ ನಾಣ್ಯದ ಮೈಗಿಂತ ಕಡಿಮೆಯಿದ್ದರೂ ಹೀಗಾಗುತ್ತದೆ.

ತೆಗೆದ ಮೇಲೆ

ನೀರಿನಲ್ಲಿ ತೊಳೆದು, ಅಡುಗೆ ಸೋಡಾದ ತಿಳಿ ದ್ರಾವಣದಲ್ಲಿ ಒಂದು ನಿಮಿಷ ಬಿಟ್ಟು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ. ಗೀರುಗಳಲ್ಲಿ ಆ್ಯಸಿಡ್ ಉಳಿದರೆ ಮರುದಿನ ಹಸಿರು, ಕಂದು ಕಲೆ ಏಳುತ್ತದೆ. ಒಣಗಿದ ಮೇಲೆ ಗಟ್ಟಿ ಅಂಟಿನ ಟೇಪ್ ಒತ್ತಿ ಸರ್ರನೆ ಕೀಳಿ. ಟೇಪಿನಲ್ಲಿ ತಾಮ್ರ ಬಾರದಿದ್ದರೆ ಹಿಡಿತ ಗಟ್ಟಿ. ಹೊಳಪು ಬೇಕಿದ್ದರೆ ಮೆದು ಬಟ್ಟೆಯಲ್ಲಿ ಹಗುರವಾಗಿ ಉಜ್ಜಿ. ಬರೀ 13 ಮೈಕ್ರಾನ್ ಇದೆ ಎಂಬುದು ನೆನಪಿರಲಿ. ಬಿಟ್ಟರೆ ತಾಮ್ರ ಕಪ್ಪಾಗುವುದು ಖಂಡಿತ. ತಡೆಯಲು ಪಾರದರ್ಶಕ ಲ್ಯಾಕರ್ ಒಂದು ಕೈ ಹೊಡೆಯಿರಿ.

ದ್ರಾವಣವನ್ನು ಚೆಲ್ಲುವ ಅಗತ್ಯವೇ ಇಲ್ಲ. ನಾಣ್ಯಕ್ಕೆ ಹೋದಷ್ಟು ತಾಮ್ರವನ್ನು ಆನೋಡ್ ತುಂಬಿಕೊಡುತ್ತದೆ. ಆನೋಡುಗಳನ್ನು ತೆಗೆದು ತೊಳೆದಿಡಿ. ದ್ರಾವಣವನ್ನು ಸೋಸಿ, ಹೆಸರು ಬರೆದ ಗಾಜಿನ ಬಾಟಲಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿ ಬೇಡವೇ ಬೇಡ, ನೀಲಿ ಬಣ್ಣ ಶರಬತ್ತಿನಂತೆಯೇ ಕಾಣುತ್ತದೆ.

ಚೆಲ್ಲಲೇಬೇಕಾದರೆ ಚರಂಡಿಗೂ ಅಲ್ಲ, ಮಣ್ಣಿಗೂ ಅಲ್ಲ. ಕರಗಿದ ತಾಮ್ರ ಮೀನು, ಪಾಚಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ದೊಡ್ಡ ಪ್ಲಾಸ್ಟಿಕ್ ಬಕೆಟಿನಲ್ಲಿ ಸುರಿದು ಒಗೆಯುವ ಸೋಡಾವನ್ನು ಚಮಚ ಚಮಚವಾಗಿ ಹಾಕಿ, ನೊರೆ ಇಳಿದ ಮೇಲೆ ಮತ್ತೊಂದು ಚಮಚ. ಮೊದಲು ಹೇಳಿದ ಅಳತೆಯ ಅರ್ಧ ಲೀಟರಿಗೆ ನೀರಿನಂಶವಿಲ್ಲದ ಸೋಡಾ 75 ಗ್ರಾಂ ಆಸುಪಾಸು ಹಿಡಿಯುತ್ತದೆ. ಪಿಎಚ್ ಪಟ್ಟಿ (ಆಮ್ಲ, ಕ್ಷಾರ ಎಷ್ಟೆಂದು ಬಣ್ಣದಲ್ಲಿ ತೋರಿಸುವ ಕಾಗದ) 8–9 ತೋರಿಸುವಾಗ ತಾಮ್ರದ ಬಹುಪಾಲು ನೀಲಿ ಹಸಿರು ಕೆಸರಾಗಿ ಇಳಿದಿರುತ್ತದೆ. ಒಂದು ರಾತ್ರಿ ಬಿಟ್ಟು ಸೋಸಿ. ಕೆಸರನ್ನು ಒಣಗಿಸಿ ಡಬ್ಬಿಗೆ ಹಾಕಿ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡಿ. ಮೇಲಿನ ನೀರಿನಲ್ಲಿ ಇನ್ನೂ ನೀಲಿ ಛಾಯೆ ಕಂಡರೆ ತಾಮ್ರ ಉಳಿದಿದೆ, ಪಿಎಚ್ ಮತ್ತೆ ನೋಡಿ. ಬಣ್ಣ ಹೋಗಿ ತಿಳಿಯಾದರೂ ಚೂರು ತಾಮ್ರ ಇದ್ದೇ ಇರುತ್ತದೆ, ಹಾಗಾಗಿ ಆ ನೀರನ್ನೂ ಕೆಸರಿನ ಜೊತೆಗೇ ಒಪ್ಪಿಸುವುದು ಸರಿ.